ಸ್ಕ್ರೋಲ್ ಸಾ ಕಲಿಯುತ್ತಿದ್ದೇನೆ. ಮೊದಲ ಮೂರು ಕೆಲಸ ಹಾಕಿದ್ದೇನೆ, ಮುಲಾಜಿಲ್ಲದೆ ಹೇಳಿ

ಮೂಡಿಗೆರೆ ಮರಪುಡಿ:
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ತೋಟವೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಮರಗೆಲಸ ಹೊಸ ಹುಚ್ಚು. ಮೂರು ತಿಂಗಳ ಹಿಂದೆ 16 ಇಂಚಿನ ಸ್ಕ್ರೋಲ್ ಸಾ ತರಿಸಿದೆ. ನೋಡದವರಿಗೆ ಹೇಳುವುದಾದರೆ, ಹೊಲಿಗೆ ಮಿಷನ್ನಿನ ಸೂಜಿ ಹಾಗೆ ಸಣ್ಣ ಗರಗಸದ ಬ್ಲೇಡು ಮೇಲೆ ಕೆಳಗೆ ಆಡುತ್ತಿರುತ್ತದೆ, ನಾವು ಹಲಗೆಯನ್ನು ತಿರುಗಿಸುತ್ತಾ ಗೆರೆ ಹಿಡಿದು ಕೊಯ್ಯಬೇಕು. ನನ್ನ ಹೆಂಡತಿ ಅದನ್ನು ನೋಡಿ "ನಿಜವಾದ ಹೊಲಿಗೆ ಮಿಷನ್ನೇ ತಂದಿದ್ದರೆ ಬ್ಲೌಸಾದರೂ ಆಗುತ್ತಿತ್ತು" ಅಂದಳು.

ಒಂದನೇ ಫೋಟೋ, ಕಾಫಿ ಎಲೆ ಕೀಚೈನ್. ತೋಟದಲ್ಲಿ ಬಿದ್ದ ಸಿಲ್ವರ್ (ಸಿಲ್ವರ್ ಓಕ್) ಮರದ್ದು, 6 ಮಿಮೀ. ಗೆರೆ ಮೇಲೆ ಹೋಗುತ್ತಿದ್ದೇನೆ ಅಂದುಕೊಳ್ಳುವಾಗಲೇ ಬ್ಲೇಡು ಬಲಕ್ಕೆ ಜಾರುತ್ತದೆ. ಅಂಚು ಅಲ್ಲಲ್ಲಿ ಕರ್ರಗೆ ಸುಟ್ಟಿದೆ.

ಎರಡನೇದು ಮಗಳಿಗೆ ಅಕ್ಷರದ ಪಜಲ್. ಕ ದಿಂದ ಮ ವರೆಗೆ 25 ಅಕ್ಷರ, 6 ಮಿಮೀ ಪ್ಲೈವುಡ್ಡು. ವಿಚಿತ್ರ ಏನೆಂದರೆ ಅಕ್ಷರಗಳು ಹಲಗೆಯ ಕೆಳಗಡೆಯಿಂದ ಮಾತ್ರ ಹೊರಗೆ ಬರುತ್ತವೆ, ಮೇಲಿಂದ ಎತ್ತಿದರೆ ಸಿಕ್ಕಿಕೊಳ್ಳುತ್ತವೆ. ಠ ಒಳಗಿನ ಚುಕ್ಕೆ ಬಿದ್ದು ಹೋಯಿತು, ಅದು ಬೇರೆ ಕಥೆ.

ಮೂರನೇದು ತೋರಿಸಲು ನಾಚಿಕೆ. ಬೇಲೂರಿನ ದೇವಸ್ಥಾನದ ಜಾಲಂಧ್ರ ಇದೆಯಲ್ಲ, ಆ ನಕ್ಷತ್ರದ ತೂತಿನ ಕಲ್ಲಿನ ಕಿಟಕಿ, ಅದನ್ನು 3 ಮಿಮೀ ಪ್ಲೈಯಲ್ಲಿ ಮಾಡಲು ಹೋದೆ. ಎರಡು ಭಾನುವಾರ ಕೂತೆ. ಮೂರು ಕಡೆ ಮುರಿಯಿತು. ಆದರೂ ಮೂರರಲ್ಲಿ ನನಗೆ ಇಷ್ಟವಾದದ್ದು ಇದೇ.

ಸಕಲೇಶಪುರ ಜಡಿಮಳೆ:
ಮೊದಲ ಮೂರು ತಿಂಗಳಲ್ಲೇ ಜಾಲಂಧ್ರಕ್ಕೆ ಕೈ ಹಾಕಿದ್ದೀರಲ್ಲ, ಭೇಷ್! ನಾನು ನಾಲ್ಕು ವರ್ಷದಿಂದ ಕೊಯ್ಯುತ್ತಿದ್ದೇನೆ, ಇನ್ನೂ ಧೈರ್ಯ ಮಾಡಿಲ್ಲ.

ಬಲಕ್ಕೆ ಜಾರುವುದು ನಿಮ್ಮ ಕೈಯ ತಪ್ಪಲ್ಲ. ಈ ಬ್ಲೇಡುಗಳ ಹಲ್ಲು ಮಾಡುವಾಗ ಒಂದು ಬದಿಯಲ್ಲಿ ಸಣ್ಣ ಒರಟು ಉಳಿಯುತ್ತದೆ, ಆ ಬದಿ ಜಾಸ್ತಿ ಕಚ್ಚುತ್ತದೆ. ಹಾಗಾಗಿ ನೇರ ತಳ್ಳಿದರೆ ನೇರ ಹೋಗುವುದಿಲ್ಲ. ಹಲಗೆಯನ್ನು ನಾಲ್ಕೈದು ಡಿಗ್ರಿ ಓರೆ ಹಿಡಿದು ತಳ್ಳಬೇಕು. ಒಂದು ವಾರ ಬರೀ ಗೆರೆ ಎಳೆದು ಕೊಯ್ಯಿರಿ, ಆಮೇಲೆ ಕೈಗೇ ಗೊತ್ತಾಗುತ್ತದೆ. ಬ್ಲೇಡು ಬದಲಾಯಿಸಿದಾಗ ಓರೆಯೂ ಸ್ವಲ್ಪ ಬದಲಾಗುತ್ತದೆ, ಅದನ್ನು ಮತ್ತೆ ಹುಡುಕಿಕೊಳ್ಳಬೇಕು.

ಸುಟ್ಟಿದ್ದಕ್ಕೆ ಅಗ್ಗದ ಮದ್ದು ಇದೆ. ಪಾರ್ಸೆಲ್‌ಗೆ ಅಂಟಿಸುವ ಪಾರದರ್ಶಕ ಪ್ಯಾಕಿಂಗ್ ಟೇಪನ್ನು ನಕ್ಷೆಯ ಮೇಲೆ ಹಚ್ಚಿಬಿಡಿ. ಬ್ಲೇಡು ಜಾರಿಕೊಂಡು ಹೋಗುತ್ತದೆ, ಕಪ್ಪಾಗುವುದು ತುಂಬಾ ಕಡಿಮೆಯಾಗುತ್ತದೆ. ನಕ್ಷೆಯನ್ನು ನೇರ ಮರಕ್ಕೆ ಅಂಟಿಸಿದ್ದೀರಿ ಅಂತ ಕಾಣುತ್ತದೆ, ಎಲೆಯ ನರದಲ್ಲಿ ಕಾಗದದ ಚೂರು ಉಳಿದಿದೆ. ಮೊದಲು ಪೇಂಟರ್‌ಗಳು ಬಳಸುವ ಕಾಗದದ ಟೇಪು, ಅದರ ಮೇಲೆ ಗ್ಲೂ ಸ್ಟಿಕ್‌ನಿಂದ ನಕ್ಷೆ, ಅದರ ಮೇಲೆ ಪ್ಯಾಕಿಂಗ್ ಟೇಪು. ಕೊಯ್ದಾದ ಮೇಲೆ ಹಲಸಿನ ತೊಳೆ ಬಿಡಿಸಿದ ಹಾಗೆ ಒಟ್ಟಿಗೆ ಎದ್ದು ಬರುತ್ತದೆ.

ಯಾವ ನಂಬರ್ ಬ್ಲೇಡು ಹಾಕಿದ್ದೀರಿ?

ಮೂಡಿಗೆರೆ ಮರಪುಡಿ:
ಥ್ಯಾಂಕ್ಸ್ ಅಕ್ಕ. ನಂಬರ್ ಗೊತ್ತಿಲ್ಲ, ಮಿಷನ್ ಜೊತೆ ಬಂದದ್ದು. ಎರಡೂ ತುದಿಗೆ ಸಣ್ಣ ಅಡ್ಡ ಪಿನ್ ಇದೆ.

ಸಕಲೇಶಪುರ ಜಡಿಮಳೆ:
ಹಾಗಾದರೆ ಅರ್ಧ ಉತ್ತರ ಸಿಕ್ಕಿತು. ಪಿನ್ ಇರುವ ಬ್ಲೇಡು ದಪ್ಪ. ಅದರ ಪಿನ್ ತೂರಿಸಲು ಮೂರು ನಾಲ್ಕು ಮಿಮೀ ತೂತು ಬೇಕು, ಜಾಲಂಧ್ರದ ಸಣ್ಣ ನಕ್ಷತ್ರದಲ್ಲಿ ಅಷ್ಟು ಜಾಗ ಎಲ್ಲಿದೆ? ಪಿನ್ ಇಲ್ಲದ 5 ಇಂಚಿನ ಬ್ಲೇಡು ತರಿಸಿ, ಅದು 1 ಮಿಮೀ ಚಿಲ್ಲರೆ ತೂತಿನಲ್ಲೂ ಹೋಗುತ್ತದೆ. ನಿಮ್ಮ ಮಿಷನ್ನಿಗೆ ಅದನ್ನು ಹಿಡಿಯುವ ಕ್ಲ್ಯಾಂಪ್ ಇದೆಯಾ ನೋಡಿ, ಇಲ್ಲದಿದ್ದರೆ ಅಡಾಪ್ಟರ್ ಸಿಗುತ್ತದೆ. ನಂಬರ್ ದೊಡ್ಡದಾದಷ್ಟು ಬ್ಲೇಡು ದಪ್ಪ. 3 ಮಿಮೀ, 6 ಮಿಮೀ ಪ್ಲೈಗೆ 1 ಅಥವಾ 3 ಸಾಕು, ಮುಕ್ಕಾಲು ಇಂಚಿನ ಗಟ್ಟಿ ಮರಕ್ಕೆ 5 ಅಥವಾ 7. ಕೆಳಗಿನ ಕೆಲವು ಹಲ್ಲು ತಿರುವುಮುರುವಾಗಿ ಇರುವ ರಿವರ್ಸ್ ಟೂತ್ ಕೇಳಿ ತನ್ನಿ, ಹಲಗೆಯ ಅಡಿಯಲ್ಲಿ ಸಿಬಿರು ಏಳುವುದಿಲ್ಲ.

ಹಾಸನದ ಆಚಾರಿ:
ಕೀಚೈನು ಇರಲಿ, ಪಜಲ್ ವಿಷಯಕ್ಕೆ ಬನ್ನಿ. ಒಂದೇ ಕಡೆಯಿಂದ ಬರುತ್ತದೆ ಅಂದರೆ ಮಿಷನ್ನಿನ ಮೇಜು ಓರೆ ಇದೆ. ಬ್ಲೇಡು ನೆಟ್ಟಗೆ ಇಳಿಯುತ್ತಿಲ್ಲ, ಅದಕ್ಕೇ ಒಂದೊಂದು ಅಕ್ಷರವೂ ಬಾಟಲಿ ಬಿರಡೆ ಆಗಿದೆ. ಒಂದು ಕಡೆ ಅಗಲ, ಒಂದು ಕಡೆ ಸಣ್ಣ. ಮೇಜಿನ ಕೆಳಗೆ ಡಿಗ್ರಿ ಬರೆದ ತಗಡು ಇರುತ್ತದೆ, ಅದನ್ನು ನಂಬಬೇಡಿ.

ಪರೀಕ್ಷೆ ಹೀಗೆ ಮಾಡಿ. ಒಂದೂವರೆ ಇಂಚು ದಪ್ಪದ ರೀಪರ್ ಚೂರು ತಗೊಳ್ಳಿ. ಅಂಚಿನಲ್ಲಿ ಬ್ಲೇಡು ಸ್ವಲ್ಪ ಕಚ್ಚುವಷ್ಟು ಕೊಯ್ದು ಮಿಷನ್ ನಿಲ್ಲಿಸಿ. ಚೂರನ್ನು ಮಗುಚದೆ, ಮೇಜಿನ ಮೇಲೇ ಸುತ್ತು ತಿರುಗಿಸಿ ಬ್ಲೇಡಿನ ಬೆನ್ನ ಕಡೆ ತನ್ನಿ. ಆ ಕಚ್ಚಿನೊಳಗೆ ಬ್ಲೇಡಿನ ಬೆನ್ನು ಮೇಲಿಂದ ಕೆಳತನಕ ಕೂತರೆ ಸರಿ. ಕೂರದಿದ್ದರೆ ಮೇಜು ಸೊಟ್ಟ. ಒಂದು ತಿರುಪು ಸಡಿಲಿಸಿದರೆ ಆಯಿತು.

ಇನ್ನೊಂದು, ಬ್ಲೇಡಿನ ಬಿಗಿ. ಬೆರಳಲ್ಲಿ ಮೀಟಿದರೆ ತಂಬೂರಿ ತಂತಿ ಹಾಗೆ ಟಿಣ್ ಅನ್ನಬೇಕು. ದಬ್ ಅಂದರೆ ಸಾಲದು. ಬಿಗಿ ಇಲ್ಲದ ಬ್ಲೇಡು ಹೊಟ್ಟೆ ಬಿಡುತ್ತದೆ, ಮೇಜು ನೆಟ್ಟಗಿದ್ದರೂ ಕೊಯ್ತ ಸೊಟ್ಟ ಬರುತ್ತದೆ.

ಮೂಡಿಗೆರೆ ಮರಪುಡಿ:
ಆಚಾರ್ರೇ, ಈಗಲೇ ಹೋಗಿ ನೋಡಿ ಬಂದೆ. ಮೇಜು ಸೊಟ್ಟ! ತಗಡು ಸೊನ್ನೆ ತೋರಿಸುತ್ತಿದೆ, ಕಚ್ಚಿನಲ್ಲಿ ಬ್ಲೇಡು ಅರ್ಧವೂ ಕೂರಲಿಲ್ಲ. ಮೂರು ತಿಂಗಳು ನನ್ನ ಕೈಯನ್ನೇ ಬೈದುಕೊಂಡಿದ್ದೆ. ಮತ್ತೆ, ನಾನು ನಿಮಗಿಂತ ಚಿಕ್ಕವನು, ಬನ್ನಿ ಹೋಗಿ ಎಲ್ಲ ಬೇಡ.

ಹಾಸನದ ಆಚಾರಿ:
ಸರಿ ತಮ್ಮಾ. ಓಡುವಾಗ ಮಿಷನ್ನು ಮೇಜಿನ ಮೇಲೆ ಕುಣಿಯುತ್ತದಾ? ಫೋಟೋದಲ್ಲಿ ನೋಡಿದರೆ ಕಾಲಿಗೆ ಬೋಲ್ಟ್ ಇಲ್ಲ. ಕೆಳಗೆ ಒಂದು ಕಡಪ ಕಲ್ಲು, ನಡುವೆ ಹಳೆ ಸೈಕಲ್ ಟ್ಯೂಬ್ ಹಾಕಿ ಬಿಗಿ. ಅರ್ಧ ನಡುಕ ಅಲ್ಲೇ ಸಾಯುತ್ತದೆ.

ಐಟಿ ಬಿಟ್ಟ ಹುಡುಗ:
ಒಂದು ಮಾತು ಹೇಳಲಾ, ಬೇಜಾರು ಮಾಡಿಕೊಳ್ಳಬೇಡಿ. ಈ ಜಾಲಂಧ್ರವನ್ನು ಫೈಲ್ ಮಾಡಿ ಲೇಸರ್ ಕಟಿಂಗ್‌ಗೆ ಕೊಟ್ಟರೆ ಹತ್ತು ನಿಮಿಷ. ಎರಡು ಭಾನುವಾರ ಯಾಕೆ ಹಾಳು?

ಸಕಲೇಶಪುರ ಜಡಿಮಳೆ:
ಭಾನುವಾರ ಹಾಳಾಗಲಿ ಅಂತಲೇ ಇದನ್ನು ತಂದಿರುವುದು ಮಾರಾಯರೇ.
ತಮಾಷೆ ಬಿಡಿ. ಲೇಸರ್ ಅಂದರೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕಳೆದ ವರ್ಷ ನಮ್ಮನೆ ಮದುವೆಗೆ ನೂರು ಕುಂಕುಮದ ತಟ್ಟೆ ಬೇಕಿತ್ತು, ನಾನೇ ಲೇಸರ್‌ಗೆ ಕೊಟ್ಟೆ. ಆದರೆ ಅದು ಸುಟ್ಟುಕೊಂಡು ಕೊಯ್ಯುವುದು, ಅಂಚೆಲ್ಲ ಕಪ್ಪು. ಮುಕ್ಕಾಲು ಇಂಚಿನ ಹಲಸಿನ ಹಲಗೆ ಕೊಟ್ಟರೆ ಅಂಗಡಿಯವರು ಮುಖ ನೋಡುತ್ತಾರೆ. ಇದು ಬೇರೆ ಕೆಲಸ, ಅದು ಬೇರೆ ಕೆಲಸ.

ಬೇಲೂರು ನಿವೃತ್ತ ಮೇಷ್ಟ್ರು:
ಮರಗೆಲಸ ನನಗೆ ಬಾರದು. ಕಿಟಕಿ ಬಗ್ಗೆ ಮಾತ್ರ ಹೇಳುತ್ತೇನೆ, ಮನೆಯಿಂದ ದಿನಾ ಅಲ್ಲಿಗೆ ವಾಕಿಂಗ್ ಹೋಗುವವನು ನಾನು.

ವಿಷ್ಣುವರ್ಧನ ದೇವಸ್ಥಾನ ಕಟ್ಟಿಸಿ ಪ್ರತಿಷ್ಠೆ ಮಾಡಿದ್ದು 1117ರಲ್ಲಿ. ಆಗ ಈ ಜಾಲಂಧ್ರಗಳು ಇರಲಿಲ್ಲ, ಮಂಟಪ ತೆರೆದಿತ್ತು. ವೀರಬಲ್ಲಾಳನ ಕಾಲದಲ್ಲಿ ಕಂಬಗಳ ನಡುವೆ ಇವನ್ನು ಕೂರಿಸಿದರು. ಕಲ್ಲು ಬಳಪದ ಕಲ್ಲು, ಹೊಸದಾಗಿ ತೆಗೆದಾಗ ಮೆತ್ತಗೆ ಇರುತ್ತದೆ, ಅದಕ್ಕೇ ಅಷ್ಟು ಕುಸುರಿ ಸಾಧ್ಯವಾಯಿತು.

ನಿಮ್ಮ ಫೋಟೋ ಹಿಡಿದುಕೊಂಡು ಇವತ್ತು ಬೆಳಿಗ್ಗೆ ಕಿಟಕಿಯ ಮುಂದೆ ನಿಂತು ಹೋಲಿಸಿದೆ. ಅಲ್ಲಿ ತೂತಿಗಿಂತ ಕಲ್ಲು ಜಾಸ್ತಿ. ನಕ್ಷತ್ರ ಚಿಕ್ಕದು, ಸುತ್ತಲಿನ ಪಟ್ಟಿ ದಪ್ಪ. ನೀವು ನಕ್ಷತ್ರ ದೊಡ್ಡದು ಮಾಡಿ ಪಟ್ಟಿಯನ್ನು ದಾರದ ಹಾಗೆ ಬಿಟ್ಟಿದ್ದೀರಿ. ದೂರದಿಂದ ನೋಡಿದಾಗ ಬೆಳಕೇ ಕಾಣುತ್ತದೆ, ಕಲ್ಲು ಕಾಣುವುದಿಲ್ಲ. ಆ ಬೆಳಕನ್ನು ನೋಡಿ ಬರೆದಿದ್ದೀರಿ ಅನ್ನಿಸಿತು.

ಮೂಡಿಗೆರೆ ಮರಪುಡಿ:
ಮೇಷ್ಟ್ರೇ, ಕಾಲು ಮುಟ್ಟಿ ನಮಸ್ಕಾರ. ನಿಜ. ಮೊಬೈಲ್‌ನಲ್ಲಿ ಒಳಗಿನಿಂದ ತೆಗೆದ ಫೋಟೋ ಇಟ್ಟುಕೊಂಡು ನಕ್ಷೆ ಮಾಡಿದ್ದು. ಒಳಗೆ ಕತ್ತಲು, ಹೊರಗೆ ಬಿಸಿಲು, ತೂತೆಲ್ಲ ಬೆಳಕಿಗೆ ಉಬ್ಬಿಕೊಂಡು ಕಾಣುತ್ತಿತ್ತು.

ಹಾಸನದ ಆಚಾರಿ:
ಮೇಷ್ಟ್ರು ಹೇಳಿದ್ದು ಸರಿ. ನನ್ನ ಪಾಲಿನದು ಕೇಳು. ಮೂರು ಕಡೆ ಮುರಿದಿದೆಯಲ್ಲ, ಮೂರೂ ಹೊರ ಅಂಚಿನ ಕಡೆಯ ತೂತುಗಳ ಹತ್ತಿರ ಅಲ್ಲ, ನಡುವೆ. ಯಾಕೆ ಗೊತ್ತಾ? ನೀನು ಅಂಚಿನಿಂದ ಶುರು ಮಾಡಿ ನಡುವಿಗೆ ಬಂದಿದ್ದೀಯ. ನಡುವೆ ಬರುವಷ್ಟರಲ್ಲಿ ಸುತ್ತ ಎಲ್ಲ ಜಾಳಾಗಿದೆ, ಹಲಗೆಗೆ ಆಧಾರವೇ ಇಲ್ಲ, ಬ್ಲೇಡು ಮೇಲೆ ಎತ್ತಿದಾಗ ಹಲಗೆಯೂ ಎದ್ದು ಬಡಿದಿದೆ. ನಡುವಿನಿಂದ ಶುರು ಮಾಡು, ಹೊರಗೆ ಹೋಗು. ಸಣ್ಣ ತೂತು ಮೊದಲು, ದೊಡ್ಡದು ಆಮೇಲೆ. ಹೊರ ಚೌಕಟ್ಟು ಕೊಯ್ಯುವುದು ಕಟ್ಟಕಡೆಗೆ.

3 ಮಿಮೀ ಪ್ಲೈಯಲ್ಲಿ ಇರುವುದೇ ಮೂರು ಪದರ. ನಡುವಿನ ಪದರದಲ್ಲಿ ಪೊಳ್ಳು ಇದ್ದರೆ ಅಲ್ಲೇ ಹೋಯಿತು. ಅಂಗಡಿಯಲ್ಲಿ ಐಎಸ್ 303, ಐಎಸ್ 710 ಅಂತ ಸೀಲು ತೋರಿಸುತ್ತಾರೆ, ಅದು ನೀರು ತಡೆಯುವ ಲೆಕ್ಕ. ನಿನಗೆ ಬೇಕಾದ್ದು ಅಡ್ಡ ಅಂಚು ನೋಡಿ ಪದರ ಎಣಿಸುವುದು. ಸಂದು ಕಂಡರೆ ವಾಪಸ್ ಇಡು.

ಎರಡು 3 ಮಿಮೀ ಹಾಳೆ ಜೋಡಿಸಿ ಸುತ್ತ ಟೇಪು ಸುತ್ತಿ ಒಟ್ಟಿಗೆ ಕೊಯ್ದರೆ ಒಂದಕ್ಕೊಂದು ಆಸರೆ. ಎರಡು ಕಿಟಕಿ ಆಗುತ್ತವೆ, ಒಂದು ಮುರಿದರೂ ಒಂದು ಉಳಿಯುತ್ತದೆ.

ಸಕಲೇಶಪುರ ಜಡಿಮಳೆ:
ಆಚಾರ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಗಟ್ಟಿ ಮರದಲ್ಲಿ ಮಾಡುವಾಗ ನಾರು ಯಾವ ಕಡೆ ಓಡುತ್ತಿದೆ ನೋಡಿ. ಕಾಫಿ ಎಲೆಯ ತೊಟ್ಟು ನಾರಿಗೆ ಅಡ್ಡ ಬಂದಿದೆ, ಕಿಸೆಯಲ್ಲಿ ಎರಡು ದಿನ ಇಟ್ಟರೆ ಮುರಿಯುತ್ತದೆ. ಎಲೆಯನ್ನು ತಿರುಗಿಸಿ ಅಂಟಿಸಿದ್ದರೆ ಸಾಕಿತ್ತು.

ಠ ಬಗ್ಗೆ ಯಾರೂ ಮಾತಾಡಲಿಲ್ಲ! ಇಂಗ್ಲಿಷ್ ಅಕ್ಷರದ ನಕ್ಷೆ ಇಂಟರ್‌ನೆಟ್‌ನಲ್ಲಿ ರಾಶಿ ಸಿಗುತ್ತದೆ, ಕನ್ನಡದ್ದು ನಾವೇ ಬರೆಯಬೇಕು. ಬರೆಯಲು ಕೂತಾಗಲೇ ಗೊತ್ತಾಗುವುದು ನಮ್ಮ ಲಿಪಿಯಲ್ಲಿ ಎಷ್ಟು ಬಿಡಿ ಚೂರು ಇವೆ ಅಂತ. ಠ ಗೆ ನಾನು ಮಾಡುವುದು ಇಷ್ಟು. ಒಳಗೆ ಕೊಯ್ಯುವುದೇ ಇಲ್ಲ, ಇಡೀ ಗುಂಡು ಹಾಗೇ ಬಿಟ್ಟು ನಡುವೆ ಡ್ರಿಲ್‌ನಲ್ಲಿ ಒಂದು ತೂತು. ತೂತೇ ಚುಕ್ಕೆ. ಮಕ್ಕಳು ಓದಿಕೊಳ್ಳುತ್ತಾರೆ. ಮತ್ತೆ ಮಗಳಿಗೆ ಎಷ್ಟು ವರ್ಷ? ಚಿಕ್ಕವಳಾದರೆ ಆ ಬಿದ್ದ ಚುಕ್ಕೆಯನ್ನು ಮೊದಲು ಹುಡುಕಿ ಎಸೆಯಿರಿ, ಬಾಯಿಗೆ ಹಾಕಿಕೊಂಡಾಳು.

ಐಟಿ ಬಿಟ್ಟ ಹುಡುಗ:
ಹೌದಲ್ವಾ! ಹಾಗಾದರೆ ಮನೆ ಬಾಗಿಲಿಗೆ ಹೆಸರಿನ ಹಲಗೆ ಹೇಗೆ ಮಾಡುತ್ತಾರೆ? ಒತ್ತಕ್ಷರ ಎಲ್ಲ ಕೆಳಗೆ ಬೇರೆಯಾಗಿ ತೇಲುತ್ತಿರುತ್ತದಲ್ಲ.

ಸಕಲೇಶಪುರ ಜಡಿಮಳೆ:
ಅದೇ ತಲೆನೋವು. ಹಾಸನದವರಿಗೆ ಅದೃಷ್ಟ, ಊರ ಹೆಸರಲ್ಲಿ ಒಂದು ಒತ್ತೂ ಇಲ್ಲ. ಚಿಕ್ಕಮಗಳೂರು ಬರೆದು ನೋಡಿ, ಕ ಒತ್ತು ಕೆಳಗೆ ಉದುರುತ್ತದೆ. ಸೊನ್ನೆ ಬಂದರಂತೂ ಮುಗಿಯಿತು. ಕಂಪ್ಯೂಟರಿನ ಅಕ್ಷರ ಹಾಗೇ ಪ್ರಿಂಟ್ ಹಾಕಬೇಡಿ. ಅಕ್ಷರಗಳನ್ನು ಒಂದಕ್ಕೊಂದು ಸ್ವಲ್ಪ ಹತ್ತಿಸಿ, ಒತ್ತನ್ನು ದೊಡ್ಡದು ಮಾಡಿ ಮೇಲಿನ ಅಕ್ಷರಕ್ಕೆ ಮುಟ್ಟಿಸಿ, ಇಲ್ಲವೇ ಕೆಳಗೆ ಉದ್ದಕ್ಕೆ ಒಂದು ಪಟ್ಟಿ ಬಿಟ್ಟು ಒತ್ತುಗಳೆಲ್ಲ ಅದರ ಮೇಲೆ ಕೂರುವ ಹಾಗೆ ಬರೆಯಿರಿ. ನಾನು ಹೀಗೇ ನಮ್ಮಮ್ಮನಿಗೆ "ಅಮ್ಮನ ಅಡುಗೆಮನೆ" ಮಾಡಿಕೊಟ್ಟೆ. ಮ ಒತ್ತು ಪಟ್ಟಿಯ ಮೇಲೆ ಬೆಕ್ಕಿನ ಮರಿ ಹಾಗೆ ಕೂತಿದೆ.

ಅರಸೀಕೆರೆ ತೆಂಗು:
ನಾನು ಡಿಪ್ಲೊಮಾ ಓದುತ್ತಿದ್ದೇನೆ. ಇದನ್ನೆಲ್ಲ ಓದಿ ಆಸೆಯಾಗುತ್ತಿದೆ. ಮಿಷನ್ನಿಗೆ ದುಡ್ಡಿಲ್ಲ. ಬೇರೆ ದಾರಿ ಇದೆಯಾ ಸರ್?

ಹಾಸನದ ಆಚಾರಿ:
ಇದೆ. ಇದೇ ಬ್ಲೇಡು ಹಾಕುವ ಕೈ ಫ್ರೆಟ್ ಸಾ ಸಿಗುತ್ತದೆ. ಮೇಜಿನ ಅಂಚಿಗೆ ಒಂದು ಹಲಗೆ ಚಾಚಿ ಬಿಗಿದು, ಅದರ ತುದಿಯಲ್ಲಿ ವಿ ಆಕಾರದಲ್ಲಿ ಕೊಯ್ದು ತೆಗಿ. ಕೆಲಸದ ತುಂಡನ್ನು ಅದರ ಮೇಲೆ ಇಟ್ಟು, ಗರಗಸವನ್ನು ನೆಟ್ಟಗೆ ಹಿಡಿದು ಮೇಲೆ ಕೆಳಗೆ ಆಡಿಸು. ಹಲ್ಲು ಕೆಳಗೆ ನೋಡಬೇಕು, ಎಳೆದಾಗ ಕೊಯ್ಯಬೇಕು.

ನಮ್ಮ ಚಿಕ್ಕಪ್ಪ ಮೈಸೂರಿನಲ್ಲಿ ಬೀಟೆ ಮರಕ್ಕೆ ಕುಸುರಿ ಕೂರಿಸುವ ಕೆಲಸ ಮಾಡುತ್ತಿದ್ದರು. ಹಲಸಿನ ಹಳದಿ ಚೂರು, ಬೇರೆ ಬೇರೆ ಬಣ್ಣದ ಮರದ ಚೂರು, ಆನೆಯ ಕಣ್ಣು, ನವಿಲಿನ ಗರಿ, ಎಲ್ಲ ಕೈಯಲ್ಲೇ ಕೊಯ್ಯುತ್ತಿದ್ದರು. ಕರೆಂಟು ಹೋದರೆ ಕೆಲಸ ನಿಲ್ಲುವ ಮಾತೇ ಇರಲಿಲ್ಲ. ನಾನು ಮಿಷನ್ ತಂದ ಮೇಲೆ ಅವರು ಬಂದು ನೋಡಿ, ಸದ್ದು ಜಾಸ್ತಿ ಅಂತ ಹೇಳಿ ಕಾಫಿ ಕುಡಿದು ಹೋದರು.

ಸಕಲೇಶಪುರ ಜಡಿಮಳೆ:
ಇಬ್ಬರಿಗೂ ಒಂದು ಎಚ್ಚರಿಕೆ. ಸಿಲ್ವರ್ ಮರದ ಪುಡಿ ಕೆಲವರಿಗೆ ಮೈ ತುರಿಕೆ ತರುತ್ತದೆ, ನನಗೆ ಮೊಣಕೈವರೆಗೆ ಗಂಧೆ ಎದ್ದಿತ್ತು. ಬೀಟೆ ಪುಡಿಯೂ ಹಾಗೇ. ಮಾಸ್ಕ್ ಹಾಕಿ, ಬಟ್ಟೆಯದ್ದಲ್ಲ, ಗಟ್ಟಿಯದ್ದು. ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಕೊಯ್ಯುವುದಾದರೆ ಹೊರಗೆ ಜಗಲಿಯಲ್ಲಿ ಕೂತು ಕೊಯ್ಯಿರಿ, ಅದರ ಪುಡಿ ಹಿಟ್ಟಿಗಿಂತ ನುಣುಪು, ಜೊತೆಗೆ ಅಂಟಿನ ರಾಸಾಯನಿಕ ಬೇರೆ.

ಪಾಲಿಶ್ ವಿಷಯ: ಜೂನ್‌ನಿಂದ ಸೆಪ್ಟೆಂಬರ್ ನಮ್ಮ ಕಡೆ ಶೆಲ್ಯಾಕ್ (ಅರಗಿನ ಪಾಲಿಶ್) ಹಚ್ಚಬೇಡಿ. ಗಾಳಿಯ ತೇವ ಹಿಡಿದು ಬಿಳಿ ಮಂಜು ಕೂರುತ್ತದೆ. ಅಗಸೆ ಎಣ್ಣೆ ಹಚ್ಚಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ತಂತಿಯ ಮೇಲೆ ಬಿಡಿಸಿ ಒಣಗಿಸಿ. ಇದು ಉತ್ಪ್ರೇಕ್ಷೆ ಅಲ್ಲ.

ಮೂಡಿಗೆರೆ ಮರಪುಡಿ:
ಮೂರು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಮೇಜು ಸರಿ ಮಾಡಿದೆ. ಕಡಪ ಕಲ್ಲು ಸಿಗಲಿಲ್ಲ, ಹಳೇ ರುಬ್ಬುವ ಕಲ್ಲಿನ ಪಕ್ಕದ ಚಪ್ಪಡಿ ಹಾಕಿದೆ. ಪಿನ್ ಇಲ್ಲದ 3ನೇ ನಂಬರ್ ಬ್ಲೇಡು ಒಂದು ಡಜನ್ ತರಿಸಿದೆ, ಆಗಲೇ ಐದು ಮುರಿದಿದ್ದೇನೆ. ಎರಡು ನನ್ನ ಆತುರಕ್ಕೆ. ಉಳಿದದ್ದು ಪ್ಲೈ ಅಂಟಿಗೆ ಮೊಂಡಾದ ಮೇಲೂ ಬದಲಾಯಿಸದೆ ಒತ್ತಿದ್ದಕ್ಕೆ. ತಳ್ಳಬೇಕು ಅನ್ನಿಸಿದರೆ ಬ್ಲೇಡು ಸತ್ತಿದೆ ಅಂತ ಅರ್ಥ, ಈಗ ಗೊತ್ತಾಯಿತು.

ಪಜಲ್ ಹೊಸದಾಗಿ ಕೊಯ್ದೆ. ಈಗ ಅಕ್ಷರ ಎರಡೂ ಕಡೆಯಿಂದ ಬರುತ್ತವೆ. ಹಳೇ ಚುಕ್ಕೆ ಅಕ್ಕ ಹೇಳಿದ ದಿನವೇ ಹುಡುಕಿದೆ, ಮಂಚದ ಕೆಳಗೆ ಸಿಕ್ಕಿತು. ಮಗಳಿಗೆ ನಾಲ್ಕು ವರ್ಷ, ತೂತಿರುವ ಠ ನೋಡಿ "ವಡೆ" ಅಂದಳು.

ಜಾಲಂಧ್ರಕ್ಕೆ ಬೇಲೂರಿಗೇ ಹೋಗಿ ಬಂದೆ, ಮೇಷ್ಟ್ರು ಜೊತೆಗೇ ನಿಂತು ತೋರಿಸಿದರು. ಪಟ್ಟಿ ದಪ್ಪ ಮಾಡಿ, ಎರಡು ಹಾಳೆ ಜೋಡಿಸಿ, ನಡುವಿನಿಂದ ಶುರು ಮಾಡಿದೆ. 48 ತೂತು. ಅಂದರೆ 48 ಸಲ ಬ್ಲೇಡು ಬಿಚ್ಚಿ, ತೂರಿಸಿ, ಮತ್ತೆ ಬಿಗಿಯಬೇಕು, ಕೊಯ್ಯುವುದಕ್ಕಿಂತ ಇದೇ ಹೊತ್ತು ತಿಂದಿತು. ಒಂದು ಹಾಳೆ ಪೂರ್ತಿ ಬಂದಿದೆ. ಕೆಳಗಿನ ಹಾಳೆಯಲ್ಲಿ ಒಂದು ಕಡೆ ಬಿರುಕು. ಫೋಟೋ ನೋಡಿ.

ಬೇಲೂರು ನಿವೃತ್ತ ಮೇಷ್ಟ್ರು:
ಈಗ ಕಲ್ಲು ಕಾಣುತ್ತಿದೆ. ಎಡಗಡೆ ಮೇಲಿನ ಸಾಲಿನಲ್ಲಿ ಒಂದು ನಕ್ಷತ್ರಕ್ಕೆ ಒಂದು ಮೂಲೆ ಕಡಿಮೆ ಇದೆ, ಎಣಿಸಿ.

ಮೂಡಿಗೆರೆ ಮರಪುಡಿ:
ಎಣಿಸಿದೆ ಮೇಷ್ಟ್ರೇ, ಕಡಿಮೆ ಇದೆ. ಯಾರೂ ನೋಡುವುದಿಲ್ಲ ಅಂದುಕೊಂಡಿದ್ದೆ.

ಆಚಾರ್ರೇ, ಕೊನೆಯದೊಂದು ಕೇಳುತ್ತೇನೆ. ಅಜ್ಜನ ಕಾಲದ ಮುರಿದ ಮಂಚದ ತಲೆಹಲಗೆ ಅಟ್ಟದಲ್ಲಿದೆ, ಅಪ್ಪಟ ಬೀಟೆ. ಇದೇ ಕಿಟಕಿಯನ್ನು ಅದರಲ್ಲಿ ಮಾಡಲಾ?

ಹಾಸನದ ಆಚಾರಿ:
ಮುಟ್ಟಬೇಡ. ಐದು ಬ್ಲೇಡು ಮುರಿದಿದ್ದೀಯ, ಐವತ್ತು ಮುರಿದ ಮೇಲೆ ಕೇಳು. ಅಲ್ಲಿವರೆಗೆ ಹಲಸಿನಲ್ಲಿ ಮಾಡು, ಸಾಮಿಲ್‌ನಲ್ಲಿ ಚೂರು ಕೇಳಿದರೆ ಕೊಡುತ್ತಾರೆ. ಆ ತಲೆಹಲಗೆಯನ್ನು ಅಟ್ಟದಿಂದ ಇಳಿಸಿ ಗೆದ್ದಲು ಹಿಡಿದಿದೆಯಾ ಅಂತ ಮಾತ್ರ ಈ ವಾರ ನೋಡಿಬಿಡು.